ಹಳೆಯ ಕಂಪ್ಯೂಟರು, ಹೊಸ ಲಿನಕ್ಸ್: ಮೊದಲ ಸಲ ಬಳಸುವವರಿಗೆ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟುಗಳನ್ನು ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಕಾಲಾವಕಾಶ ಸಿಕ್ಕಿದೆ, ಅಷ್ಟೆ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಇಂಟೆಲ್‌ನ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆದ ಪ್ರೊಸೆಸರನ್ನೂ ಕೇಳುತ್ತದೆ. 2016ರಲ್ಲಿ, 2017ರಲ್ಲಿ ಕೊಂಡ ಬಹುತೇಕ ಯಂತ್ರಗಳು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂಥ ಊರುಗಳಿಗೆ ಎಷ್ಟೋ ಕಂಪ್ಯೂಟರುಗಳು ಇನ್ನೊಬ್ಬರ ಕೈಯಿಂದಲೇ ಬರುತ್ತವೆ. ಹುಬ್ಬಳ್ಳಿಯಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡದ್ದು, ಬೆಂಗಳೂರಿನಲ್ಲಿ ನೌಕರಿ ಮಾಡುವ ಅಣ್ಣ ಹೊಸದು ತಗೊಂಡಾಗ ಮನೆಗೆ ತಂದುಕೊಟ್ಟದ್ದು. ಇಂಥ ಯಂತ್ರಗಳು ಕೆಟ್ಟಿಲ್ಲ. ಅವುಗಳ ಮೇಲೆ ಕೂತ ಸಾಫ್ಟ್‌ವೇರಿನ ಅವಧಿ ಮುಗಿದಿದೆ. ಅವುಗಳಿಗೆ ಇನ್ನೂ ನಾಲ್ಕೈದು ವರ್ಷ ಆಯುಷ್ಯ ಕೊಡಬಲ್ಲ, ದುಡ್ಡು ಕೇಳದ ದಾರಿಯೆಂದರೆ ಲಿನಕ್ಸ್.

ಲಿನಕ್ಸ್ ಅಪರಿಚಿತ ಎನ್ನಿಸಬಹುದು, ಆದರೆ ದಿನವೂ ಅದನ್ನೇ ಬಳಸುತ್ತಿದ್ದೇವೆ. ಆಂಡ್ರಾಯ್ಡ್ ಫೋನಿನ ಒಳತಿರುಳು ಲಿನಕ್ಸ್. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳೂ 2017ರಿಂದ ಲಿನಕ್ಸ್ ಮೇಲೆಯೇ ನಡೆಯುತ್ತಿವೆ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯಲು ಶುರುಮಾಡಿದ ತಿರುಳಿಗೆ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಉಪಕರಣಗಳು ಕೂಡಿಕೊಂಡವು. ಮುಂದೆ ಸಾವಿರಾರು ಜನರ ದುಡಿಮೆ ಸೇರಿ ಈಗಿನ ರೂಪ ಬಂತು. ಇದರ ಮೂಲ ಬರಹ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಕಳ್ಳ ಕೀ ಹಾಕಿದ ವಿಂಡೋಸ್ ಇಟ್ಟುಕೊಂಡು ವೈರಸ್ಸಿಗೆ ಹೆದರುತ್ತ ಕೂರುವುದಕ್ಕಿಂತ ಇದು ಗೌರವದ ದಾರಿ ಎಂದು ನನ್ನ ನಂಬಿಕೆ.

ನಮ್ಮವರು ಇದನ್ನು ಕಲಿತೂ ಇದ್ದಾರೆ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಟಾಲ್ಪ್ ಎಂಬ ಕಂಪ್ಯೂಟರ್ ತರಬೇತಿಯಲ್ಲಿ ಕೂತದ್ದು ಉಬುಂಟು ಎಂಬ ಲಿನಕ್ಸ್ ಮುಂದೆಯೇ. ಹಾಗಾಗಿ ನಿಮ್ಮೂರ ಹೈಸ್ಕೂಲಿನ ಗಣಿತ ಅಥವಾ ವಿಜ್ಞಾನದ ಮೇಷ್ಟ್ರನ್ನು ಕೇಳಿದರೆ ಅವರಿಗೆ ಇದರ ಪರಿಚಯ ಇದ್ದೇ ಇರಬಹುದು. ಗಡಿಯಾಚೆ ಕಾಸರಗೋಡಿನಲ್ಲಂತೂ ಕನ್ನಡ ಮಾಧ್ಯಮದ ಮಕ್ಕಳು ಐ.ಟಿ. ಪಾಠವನ್ನು ಲಿನಕ್ಸ್ ಮೇಲೆಯೇ ಕಲಿಯುತ್ತಾರೆ. ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಒಂದು ಲಿನಕ್ಸ್ ಸಿದ್ಧಮಾಡಿ ಕೊಡುತ್ತದೆ, ಪಠ್ಯಪುಸ್ತಕವೂ ಕನ್ನಡದಲ್ಲಿ ಬರುತ್ತದೆ. ಹತ್ತನೇ ತರಗತಿಯ ಮಗು ಕಲಿಯುವುದನ್ನು ದೊಡ್ಡವರು ಕಲಿಯಲಾರರೇ?

ಮೊದಲು ನಿಮ್ಮ ಕೆಲಸದ ಪಟ್ಟಿ ಮಾಡಿ

ಲಿನಕ್ಸ್ ಹಾಕಿಸಿ ವಾರದಲ್ಲೇ ತೆಗೆಸಿದವರು ಬಹಳ ಮಂದಿ. ಅವರನ್ನು ಸೋಲಿಸಿದ್ದು ಲಿನಕ್ಸಿನ ಕಷ್ಟವಲ್ಲ, ತಮ್ಮ ಕೆಲಸಕ್ಕೆ ಏನೇನು ಬೇಕು ಎಂದು ಮೊದಲೇ ನೋಡಿಕೊಳ್ಳದೆ ಇದ್ದದ್ದು. ಆದ್ದರಿಂದ ಒಂದು ಹಾಳೆ ತೆಗೆದುಕೊಂಡು, ಈ ಕಂಪ್ಯೂಟರಿನಲ್ಲಿ ನೀವು ನಿಜವಾಗಿ ಮಾಡುವ ಕೆಲಸಗಳನ್ನು ಬರೆಯಿರಿ.

ಉತಾರ ತೆಗೆಯುವುದು, ಸೇವಾಸಿಂಧುವಿನಲ್ಲಿ ಅರ್ಜಿ ಹಾಕುವುದು, ಮಗಳ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ ನೋಡುವುದು, ಕೆಇಎ ಸೀಟು ಹಂಚಿಕೆ, ಬ್ಯಾಂಕು, ಯೂಟ್ಯೂಬ್, ವಾಟ್ಸ್ಆ್ಯಪ್ ವೆಬ್, ಗೂಗಲ್ ಮೀಟ್ ಇವೆಲ್ಲ ಬ್ರೌಸರಿನಲ್ಲಿ ನಡೆಯುವ ಕೆಲಸಗಳು. ಫೈರ್‌ಫಾಕ್ಸ್ ಲಿನಕ್ಸಿನ ಜೊತೆಗೇ ಬರುತ್ತದೆ, ಕ್ರೋಮ್ ಬೇಕೆಂದರೆ ಅದೂ ಸಿಗುತ್ತದೆ. ಪತ್ರ, ಲೆಕ್ಕಪಟ್ಟಿ, ಸ್ಲೈಡು ಇವುಗಳಿಗೆ ಲಿಬ್ರೆಆಫೀಸ್ ಇದೆ. ವರ್ಡ್ ಮತ್ತು ಎಕ್ಸೆಲ್ ಕಡತಗಳನ್ನು ಅದು ತೆರೆಯುತ್ತದೆ, ಅದೇ ರೂಪದಲ್ಲಿ ಉಳಿಸಿಯೂ ಕೊಡುತ್ತದೆ. ಮನೆಯಲ್ಲಿ ಓದುವ ಹುಡುಗರಿಗೆ, ಶಿಕ್ಷಕರಿಗೆ, ಬರೆಯುವವರಿಗೆ ಇಷ್ಟು ಸಾಕು.

ಆನ್‌ಲೈನ್ ಸೆಂಟರ್ ಅಥವಾ ಗ್ರಾಮ ಒನ್ ನಡೆಸುವವರು ಮಾತ್ರ ತಡೆದು ಯೋಚಿಸಬೇಕು. ಆಧಾರ್ ಬೆರಳಚ್ಚಿನ ಯಂತ್ರಗಳ ಸೇವಾ ಸಾಫ್ಟ್‌ವೇರನ್ನು ಬಹುಮಟ್ಟಿಗೆ ವಿಂಡೋಸಿಗೂ ಆಂಡ್ರಾಯ್ಡಿಗೂ ಮಾಡಿರುತ್ತಾರೆ. ಡಿಜಿಟಲ್ ಸಹಿಯ ಟೋಕನ್ನುಗಳೂ ಲಿನಕ್ಸಿನಲ್ಲಿ ಕಾಟ ಕೊಡುವುದುಂಟು. ಟ್ಯಾಲಿಯಲ್ಲಿ ಲೆಕ್ಕ ಇಡುವ ಅಂಗಡಿ, ಕೋರೆಲ್‌ಡ್ರಾದಲ್ಲಿ ಫ್ಲೆಕ್ಸ್ ಮಾಡುವ ಪ್ರಿಂಟಿಂಗ್ ಪ್ರೆಸ್ ಇವೂ ವಿಂಡೋಸನ್ನು ಪೂರ್ತಿ ಬಿಡುವಂತಿಲ್ಲ. ದುಡಿಮೆಯ ಯಂತ್ರದ ಮೇಲೆ ಪ್ರಯೋಗ ಬೇಡ, ಮನೆಯಲ್ಲಿರುವ ಎರಡನೆಯ ಯಂತ್ರದಲ್ಲಿ ಕಲಿಯಿರಿ.

ಪ್ರಿಂಟರಿನ ಹೆಸರನ್ನೂ ಆ ಹಾಳೆಯಲ್ಲಿ ಬರೆದುಕೊಳ್ಳಿ. ಎಚ್‌ಪಿ ಪ್ರಿಂಟರುಗಳಿಗೆ ಕಂಪನಿಯೇ ಲಿನಕ್ಸ್ ಚಾಲಕ ತಂತ್ರಾಂಶ ಕೊಡುವುದರಿಂದ ಅವು ಸಾಮಾನ್ಯವಾಗಿ ಸುಲಭ. ಎಪ್ಸನ್‌ನ ಇಂಕ್‌ಟ್ಯಾಂಕ್ ಪ್ರಿಂಟರುಗಳೂ ಹೊಂದಿಕೊಳ್ಳುತ್ತವೆ. ನಮ್ಮ ಕಡೆ ಅಂಗಡಿ ಅಂಗಡಿಯಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸಿನಲ್ಲಿ ಹಟಮಾರಿ. ನಿಮ್ಮದು ಅದೇ ಆಗಿದ್ದರೆ, ಪ್ರಿಂಟಿಂಗ್ ಕೆಲಸಕ್ಕೆ ವಿಂಡೋಸನ್ನೂ ಉಳಿಸಿಕೊಳ್ಳುವುದು ವಾಸಿ.

ಯಾವ ಲಿನಕ್ಸ್?

ಲಿನಕ್ಸ್ ಒಂದೇ ಅಲ್ಲ. ಉಬುಂಟು, ಡೆಬಿಯನ್, ಫೆಡೋರಾ, ನಮ್ಮ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಎಂದು ನೂರಾರು ರೂಪಗಳಿವೆ. ಹೊಸಬರು ಈ ಚರ್ಚೆಗೆ ಇಳಿದರೆ ಹೊರಬರುವುದಿಲ್ಲ. ನನ್ನ ಸಲಹೆ ಒಂದೇ: ಲಿನಕ್ಸ್ ಮಿಂಟ್. ಅದರ ಪರದೆ ವಿಂಡೋಸ್ ಬಳಸಿದವರಿಗೆ ಹೊಸದೆನಿಸುವುದಿಲ್ಲ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ಉಬುಂಟುವಿನ 24.04 ಆವೃತ್ತಿಯ ತಳಹದಿಯ ಮೇಲೆ ಕಟ್ಟಿದ ಮಿಂಟ್‌ನ 22ನೇ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. 64 ಬಿಟ್ ಪ್ರೊಸೆಸರ್, ಕನಿಷ್ಠ 2 ಜಿಬಿ ರ್‍ಯಾಮ್, 20 ಜಿಬಿ ಜಾಗ ಬೇಕು. ಆರಾಮಾಗಿ ಓಡಬೇಕೆಂದರೆ 4 ಜಿಬಿ ರ್‍ಯಾಮ್ ಇರಲಿ. ಮಿಂಟ್‌ನಲ್ಲೂ ಬಗೆಗಳಿವೆ: 4 ಜಿಬಿ ಯಂತ್ರಕ್ಕೆ ಹಗುರವಾದ ಎಕ್ಸ್‌ಎಫ್‌ಸಿಇ, 8 ಜಿಬಿ ಇದ್ದರೆ ಸಿನಮನ್.

ಪೆನ್‌ಡ್ರೈವಿನಲ್ಲಿ ಹಚ್ಚಿ ನೋಡುವುದು

ಹೊಸ ತಳಿಯ ಬೀಜ ಬಂದರೆ ನಮ್ಮ ರೈತರು ಇಡೀ ಹೊಲಕ್ಕೆ ಬಿತ್ತುವುದಿಲ್ಲ, ಒಂದು ಮಡಿಯಲ್ಲಿ ಹಾಕಿ ನೋಡುತ್ತಾರೆ. ಲಿನಕ್ಸಿನಲ್ಲಿ ಆ ಮಡಿ ಪೆನ್‌ಡ್ರೈವ್. ಹಾರ್ಡ್‌ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ಕಂಪ್ಯೂಟರನ್ನು ಚಾಲೂ ಮಾಡಿ ಪೂರ್ತಿ ಲಿನಕ್ಸನ್ನು ಓಡಿಸಬಹುದು. ಇದಕ್ಕೆ ಲೈವ್ ಎನ್ನುತ್ತಾರೆ.

8 ಜಿಬಿ ಪೆನ್‌ಡ್ರೈವ್ ಸಾಕು. ಅದರಲ್ಲಿರುವ ಫೋಟೊ, ಹಾಡು ಎಲ್ಲ ಅಳಿಸಿಹೋಗುತ್ತವೆ, ಮೊದಲೇ ಬೇರೆಡೆ ತೆಗೆದಿಡಿ. ಲಿನಕ್ಸ್ ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಒ ಕಡತವನ್ನು ಇಳಿಸಿಕೊಳ್ಳಬೇಕು. ಅದು ಹೆಚ್ಚುಕಡಿಮೆ 3 ಜಿಬಿ ತೂಗುತ್ತದೆ. ಊರಿನವರು ಹೆಚ್ಚಾಗಿ ಎಡವುವುದು ಇಲ್ಲಿಯೇ: ಫೋನಿನ ದಿನದ ಒಂದೂವರೆ ಅಥವಾ ಎರಡು ಜಿಬಿ ಡೇಟಾದಲ್ಲಿ ಇದು ಹಿಡಿಸುವುದಿಲ್ಲ, ನಡುವೆ ನೆಟ್ ಹೋದರೆ ಮತ್ತೆ ಮೊದಲಿನಿಂದ. ಶಿಗ್ಗಾಂವಿಯಲ್ಲೋ ಹುಬ್ಬಳ್ಳಿಯಲ್ಲೋ ಫೈಬರ್ ಸಂಪರ್ಕ ಇರುವ ಗೆಳೆಯರ ಮನೆಯಲ್ಲಿ ಇಳಿಸಿಕೊಂಡು ಬನ್ನಿ. ಇಲ್ಲವೆಂದರೆ ಟೊರೆಂಟ್ ಮೂಲಕ ಇಳಿಸಿ, ನಿಂತಲ್ಲಿಂದಲೇ ಮುಂದುವರಿಯುತ್ತದೆ. ಇಳಿದ ಕಡತ ಸರಿಯಿದೆಯೇ ಎಂದು ನೋಡಲು ತಾಣದಲ್ಲಿ ಕೊಟ್ಟ ಶಾ256 ಸಂಖ್ಯೆಯೊಂದಿಗೆ ತಾಳೆ ಹಾಕಬಹುದು. ಅರ್ಧಂಬರ್ಧ ಇಳಿದ ಕಡತ ಮುಂದೆ ವಿಚಿತ್ರ ತೊಂದರೆಗಳನ್ನು ಹುಟ್ಟಿಸುವುದರಿಂದ ಈ ತಾಳೆ ಬಿಡಬೇಡಿ.

ಆಮೇಲೆ ವಿಂಡೋಸಿನಲ್ಲಿ ರೂಫಸ್ ಎಂಬ ಸಣ್ಣ ತಂತ್ರಾಂಶ ತೆರೆದು, ಪೆನ್‌ಡ್ರೈವನ್ನೂ ಐಎಸ್‌ಒ ಕಡತವನ್ನೂ ಆರಿಸಿ, ಉಳಿದದ್ದನ್ನು ಇದ್ದ ಹಾಗೇ ಬಿಟ್ಟು ಸ್ಟಾರ್ಟ್ ಒತ್ತಿ. ಕಡತವನ್ನು ಸುಮ್ಮನೆ ಕಾಪಿ ಮಾಡಿದರೆ ಪೆನ್‌ಡ್ರೈವ್ ಚಾಲೂ ಆಗುವುದಿಲ್ಲ, ರೂಫಸ್‌ನಂಥ ತಂತ್ರಾಂಶವೇ ಬರೆಯಬೇಕು. ಮುಗಿದ ಮೇಲೆ ಕಂಪ್ಯೂಟರನ್ನು ಬಂದ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಚಾಲೂ ಮಾಡಿದ ಕ್ಷಣದಿಂದ ಬೂಟ್ ಮೆನುವಿನ ಕೀಲಿಯನ್ನು ತಟ್ಟುತ್ತಿರಿ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಕೆಲಸ ಮಾಡಬೇಕಾದರೆ ಮೊದಲು ಬಯೋಸ್‌ಗೆ ಹೋಗಿ ಅದನ್ನು ಜಾರಿ ಮಾಡಬೇಕಾಗಬಹುದು. ಪಟ್ಟಿಯಲ್ಲಿ ಪೆನ್‌ಡ್ರೈವಿನ ಹೆಸರು ಆರಿಸಿ.

ಪರದೆ ಬಂದಮೇಲೆ ವಾಲ್‌ಪೇಪರ್ ನೋಡುತ್ತ ಕೂರಬೇಡಿ, ನಿಮ್ಮ ಪಟ್ಟಿಯನ್ನು ತೆಗೆಯಿರಿ. ವೈಫೈ ಹತ್ತುತ್ತದೆಯೇ? ಸದ್ದು ಬರುತ್ತದೆಯೇ? ಕ್ಯಾಮೆರಾ, ಪರದೆಯ ಬೆಳಕು, ಟಚ್‌ಪ್ಯಾಡ್, ಮುಚ್ಚಿ ತೆರೆದಾಗ ಲ್ಯಾಪ್‌ಟಾಪ್ ಏಳುವುದು, ಪ್ರಿಂಟರ್ ಎಲ್ಲವನ್ನೂ ನೋಡಿ. ನಿಮ್ಮದೇ ಒಂದು ಕಡತ ತೆರೆಯಿರಿ, ನಿಮ್ಮದೇ ಒಂದು ಅರ್ಜಿಯ ಪುಟಕ್ಕೆ ಹೋಗಿ. ಪೆನ್‌ಡ್ರೈವಿನಿಂದ ಓಡುವಾಗ ವೇಗ ಕಡಿಮೆ, ಅದನ್ನು ನೋಡಿ ತೀರ್ಪು ಕೊಡಬೇಡಿ. ವೈಫೈ ಹತ್ತದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ, ನೆಟ್ ಬರುತ್ತದೆ. ಬ್ರಾಡ್‌ಕಾಮ್ ಮತ್ತು ರಿಯಲ್‌ಟೆಕ್‌ನ ಕೆಲವು ವೈಫೈ ಚಿಪ್ಪುಗಳು ಹೀಗೆ ಮೊದಲು ಹಟ ಮಾಡಿದರೂ ಡ್ರೈವರ್ ಮ್ಯಾನೇಜರಿನಲ್ಲಿ ದಾರಿಗೆ ಬರುವುದುಂಟು.

ಒಂದೆರಡು ವಾರ ಹೀಗೇ ಬಳಸಿ. ಯಾವ ಆತುರವೂ ಇಲ್ಲ.

ಹಾಕುವ ದಿನ

ಇಲ್ಲಿ ನಾನು ಗಟ್ಟಿಯಾಗಿ ಹೇಳುವ ಮಾತು: ಸಾಧ್ಯವಿದ್ದರೆ ಹಳೆಯ ಹಾರ್ಡ್‌ಡಿಸ್ಕ್ ಬಿಚ್ಚಿಟ್ಟು, ಹೊಸ ಎಸ್‌ಎಸ್‌ಡಿ ಒಂದನ್ನು ಹಾಕಿಸಿ ಅದರ ಮೇಲೆ ಲಿನಕ್ಸ್ ಹಾಕಿ. 256 ಜಿಬಿಯದು ಧಾರಾಳ. ಇದರಿಂದ ಎರಡು ಲಾಭ. ಹಳೆಯ ಡಿಸ್ಕಿನಲ್ಲಿರುವ ವಿಂಡೋಸೂ ಮದುವೆಯ ಫೋಟೊಗಳೂ ಇದ್ದಂತೇ ಉಳಿಯುತ್ತವೆ. ಲಿನಕ್ಸ್ ಒಗ್ಗಲಿಲ್ಲವೆಂದರೆ ಹಳೆಯ ಡಿಸ್ಕನ್ನೇ ಮತ್ತೆ ಕೂಡಿಸಿದರಾಯಿತು. ಇನ್ನು ವೇಗ. ಹತ್ತು ವರ್ಷದ ಲ್ಯಾಪ್‌ಟಾಪು ನಿಧಾನವಾಗುವುದಕ್ಕೆ ತಿರುಗುವ ಹಾರ್ಡ್‌ಡಿಸ್ಕೇ ಬಹುಮಟ್ಟಿಗೆ ಕಾರಣ, ಅದು ಹೋದರೆ ಯಂತ್ರ ಬೇರೆಯೇ ಆಗುತ್ತದೆ.

ಒಂದೇ ಡಿಸ್ಕಿನಲ್ಲಿ ವಿಂಡೋಸೂ ಲಿನಕ್ಸೂ ಇರಬೇಕೆನ್ನುವವರು ಕೆಲವು ಎಚ್ಚರ ವಹಿಸಬೇಕು. ಬೇಕಾದ ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಇಡಿ, ಅದೇ ಯಂತ್ರದ ಡಿ ಡ್ರೈವ್ ಹೊರಗಿನ ಡಿಸ್ಕ್ ಅಲ್ಲ. ವಿಂಡೋಸಿನ ಬಿಟ್‌ಲಾಕರ್ ಜಾರಿಯಲ್ಲಿದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ, ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಿ. ಲಿನಕ್ಸ್ ಹಾಕುವಾಗ ‘ವಿಂಡೋಸಿನ ಪಕ್ಕದಲ್ಲಿ’ ಎಂಬ ಆಯ್ಕೆ ಬರುತ್ತದೆ, ಅದನ್ನು ಹಿಡಿಯಿರಿ. ‘ಎರೇಸ್ ಡಿಸ್ಕ್’ ಎಂಬುದನ್ನು ಒತ್ತಿದರೆ ಡಿಸ್ಕಿನಲ್ಲಿದ್ದದ್ದೆಲ್ಲ ಹೋಯಿತು. ಡಿಸ್ಕ್ ಹಂಚುವ ಆ ಹೊತ್ತಿನಲ್ಲಿ ಕರೆಂಟ್ ಹೋಗಬಾರದು. ಲ್ಯಾಪ್‌ಟಾಪಾದರೆ ಬ್ಯಾಟರಿ ತುಂಬಿರಲಿ, ಡೆಸ್ಕ್‌ಟಾಪಾದರೆ ಯುಪಿಎಸ್ ಇರಲಿ. ಗುಡುಗು ಮಳೆಯ ಸಂಜೆ ಈ ಕೆಲಸಕ್ಕೆ ಕೂರಬೇಡಿ.

ಉಳಿದದ್ದು ಸರಳ. ಕೀಲಿಮಣೆಯನ್ನು ಸದ್ಯಕ್ಕೆ ಇಂಗ್ಲಿಷಿಗೇ ಬಿಡಿ, ಮಲ್ಟಿಮೀಡಿಯಾ ಕೋಡೆಕ್ಕುಗಳ ಚೌಕಕ್ಕೆ ಗುರುತು ಹಾಕಿ, ಸಮಯವಲಯ ಕೇಳಿದಾಗ ಕೋಲ್ಕತ್ತ ಎಂದು ಕಾಣಿಸುವುದನ್ನು ಒಪ್ಪಿ, ನಿಮ್ಮ ಹೆಸರು ಮತ್ತು ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡನ್ನು ಎಲ್ಲಾದರೂ ಬರೆದಿಡಿ, ಏನನ್ನಾದರೂ ಹೊಸದಾಗಿ ಹಾಕುವಾಗಲೆಲ್ಲ ಲಿನಕ್ಸ್ ಅದನ್ನು ಕೇಳುತ್ತದೆ. ಎರಡೂ ಇರುವ ಯಂತ್ರದಲ್ಲಿ ಕೆಲವೊಮ್ಮೆ ವಿಂಡೋಸಿನ ಗಡಿಯಾರ ಐದೂವರೆ ತಾಸು ಹಿಂದೆ ತೋರಿಸುತ್ತದೆ. ಯಂತ್ರ ಕೆಟ್ಟಿಲ್ಲ. ಲಿನಕ್ಸ್ ಒಳಗಡಿಯಾರದಲ್ಲಿ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಭಾರತದ ಸಮಯ ಹುಡುಕುತ್ತದೆ, ನಡುವಿನ ಅಂತರವೇ ಐದೂವರೆ ತಾಸು.

ಮೊದಲ ಸಲ ಚಾಲೂ ಮಾಡಿದಾಗ ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲ ಅಪ್‌ಡೇಟ್ ಹಾಕಿ. ಇದಕ್ಕೆ ನೂರಾರು ಎಂಬಿ ಡೇಟಾ ಬೇಕು. ಟೈಮ್‌ಶಿಫ್ಟ್ ಎಂಬುದನ್ನು ತೆರೆದು ವಾರಕ್ಕೊಮ್ಮೆ ಪ್ರತಿ ತೆಗೆಯುವಂತೆ ಹೊಂದಿಸಿ. ಕಲಿಯುವ ಭರದಲ್ಲಿ ವ್ಯವಸ್ಥೆ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಅದು ನೆರವಾಗುತ್ತದೆ. ಆದರೆ ಟೈಮ್‌ಶಿಫ್ಟ್ ಕಾಯುವುದು ವ್ಯವಸ್ಥೆಯನ್ನು, ನಿಮ್ಮ ಪತ್ರ ಮತ್ತು ಫೋಟೊಗಳನ್ನಲ್ಲ. ಅವುಗಳ ಪ್ರತಿ ಬೇರೆಯೇ ಇರಬೇಕು.

ಕನ್ನಡ ಬರೆಯುವುದು

ನಮ್ಮ ಓದುಗರು ಲಿನಕ್ಸಿನಲ್ಲಿ ಉಳಿಯುತ್ತಾರೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಕನ್ನಡ. ಓದುವುದಕ್ಕೆ ಏನೂ ಮಾಡಬೇಕಿಲ್ಲ, ಬ್ರೌಸರಿನಲ್ಲಿ ಕನ್ನಡ ತಾನಾಗಿ ಮೂಡುತ್ತದೆ. ಬರೆಯುವುದಕ್ಕೆ ಸ್ವಲ್ಪ ಸಿದ್ಧತೆ ಬೇಕು.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಬೆರಳು ಪಳಗಿದವರು ಕೈಯ ಅಭ್ಯಾಸ ಬದಲಿಸಬೇಕಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ ಅದೇ ಕಗಪ ಕೀಲಿಮಣೆ ಲಿನಕ್ಸಿನಲ್ಲೂ ಇದೆ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ‘ಐಬಸ್ ಎಂ17ಎನ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿ ಹಾಕಿಕೊಳ್ಳಿ. ಇನ್‌ಪುಟ್ ಮೆಥಡ್ ಎಂಬಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್ಔಟ್ ಆಗಿ ಮತ್ತೆ ಬನ್ನಿ. ನಂತರ ಐಬಸ್‌ನ ಆಯ್ಕೆಗಳಲ್ಲಿ ಕನ್ನಡದ ಕೆಳಗೆ ಕೆಜಿಪಿ ಎಂಬುದನ್ನು ಸೇರಿಸಿ. ವಿಂಡೋಸ್ ಗುರುತಿನ ಕೀಲಿಯನ್ನೂ ಸ್ಪೇಸನ್ನೂ ಒಟ್ಟಿಗೆ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಹೊರಳಬಹುದು. ಒತ್ತಕ್ಷರಕ್ಕೆ ನುಡಿಯಲ್ಲಿದ್ದಂತೆ ಎಫ್ ಕೀಲಿಯೇ. ಇನ್‌ಸ್ಕ್ರಿಪ್ಟ್ ಕೀಲಿಮಣೆ ಕಲಿತವರಿಗೆ ಅದೂ ಅಲ್ಲೇ ಇದೆ. ಕೀಲಿಮಣೆಯ ಪಟ್ಟಿಯಲ್ಲಿ ಕಗಪ ಫೊನೆಟಿಕ್ ಎಂಬ ಇನ್ನೊಂದು ಹೆಸರೂ ಕಾಣುತ್ತದೆ. ಅದರಲ್ಲಿ ಸ್ವರಕ್ಕೂ ಸ್ವರಚಿಹ್ನೆಗೂ ಬೇರೆ ಬೇರೆ ಕೀಲಿ ಒತ್ತಬೇಕಾದ್ದರಿಂದ ನುಡಿಯ ರೂಢಿಯವರಿಗೆ ಐಬಸ್‌ನದೇ ಸರಿ.

ಲಿಬ್ರೆಆಫೀಸಿನಲ್ಲಿ ಒಂದು ತೊಡಕು ಹೊಸಬರನ್ನೆಲ್ಲ ಕಾಡುತ್ತದೆ: ಅಕ್ಷರದ ಅಳತೆ 16 ಎಂದು ಇಟ್ಟರೂ ಕನ್ನಡ ಹಿಗ್ಗುವುದಿಲ್ಲ. ಲಿಬ್ರೆಆಫೀಸ್ ಭಾರತೀಯ ಲಿಪಿಗಳಿಗೆ ಇಂಗ್ಲಿಷಿನಿಂದ ಪ್ರತ್ಯೇಕವಾದ ಫಾಂಟು, ಪ್ರತ್ಯೇಕವಾದ ಅಳತೆ ಇಟ್ಟುಕೊಳ್ಳುವುದೇ ಇದರ ಕಾರಣ. ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ, ಭಾಷೆಗಳ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದಕ್ಕೆ ಗುರುತು ಹಾಕಿ ಕನ್ನಡ ಆರಿಸಿ. ರೈಟರ್ ವಿಭಾಗದಲ್ಲಿ ಸಿಟಿಎಲ್ ಫಾಂಟಾಗಿ ನೋಟೊ ಸಾನ್ಸ್ ಕನ್ನಡವನ್ನೋ ಗುಬ್ಬಿಯನ್ನೋ ನವಿಲನ್ನೋ ಇಡಿ. ಒಮ್ಮೆ ಮಾಡಿದರೆ ಮತ್ತೆ ಮುಟ್ಟಬೇಕಿಲ್ಲ.

ಇನ್ನು ಹಳೆಯ ಕಡತಗಳು. ಯೂನಿಕೋಡಿಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಠರಾವು, ಸಂಘದ ವರದಿ, ಪ್ರಶ್ನೆಪತ್ರಿಕೆಗಳು ಲಿನಕ್ಸಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ಆ ಕಡತಗಳಲ್ಲಿ ಇರುವುದು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತಗಳು, ಫಾಂಟು ಇಲ್ಲದಿದ್ದರೆ ವೇಷ ಕಳಚುತ್ತದೆ. ಬರಿ ಓದುವುದಕ್ಕಾದರೆ ನುಡಿಯ ಫಾಂಟುಗಳನ್ನು ಲಿನಕ್ಸಿಗೆ ಹಾಕಿಕೊಂಡರೆ ಸಾಕು. ಶಾಶ್ವತ ಪರಿಹಾರವೆಂದರೆ ಯೂನಿಕೋಡಿಗೆ ಬದಲಿಸುವುದು. ನುಡಿಯ ಹೊಸ ಆವೃತ್ತಿಯಲ್ಲೇ ಪರಿವರ್ತಕ ಇದೆ. ಅರವಿಂದ ವಿ.ಕೆ. ರೂಪಿಸಿದ ಮುಕ್ತ ಪರಿವರ್ತಕವೂ ಇದೆ, ಅದು ಬ್ರೌಸರಿನಲ್ಲೇ ನಡೆಯುತ್ತದೆ. ವಿಂಡೋಸ್ ಇನ್ನೂ ಕೈಯಲ್ಲಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ. ಕನ್ನಡಕ್ಕೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರ ಮೊದಲ ಆವೃತ್ತಿಯಲ್ಲೇ. ಇಷ್ಟು ವರ್ಷಗಳ ನಂತರವೂ ಕಚೇರಿಗಳು ಹಳೆಯ ಫಾಂಟಿನ ಕಡತ ಕಳಿಸುತ್ತಿರುವುದು ಲಿನಕ್ಸಿನವರಿಗಷ್ಟೇ ಅಲ್ಲ, ಫೋನಿನಲ್ಲಿ ಓದುವ ಪ್ರತಿಯೊಬ್ಬನಿಗೂ ಆಗುವ ಅನ್ಯಾಯ.

ಬದಲಿಸಬೇಕಾದ ರೂಢಿಗಳು

ವಿಂಡೋಸಿನ ಸೆಟಪ್ ಕಡತಗಳು ಲಿನಕ್ಸಿನಲ್ಲಿ ನೇರವಾಗಿ ಓಡುವುದಿಲ್ಲ. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹರಡುವ ವಿಂಡೋಸ್ ವೈರಸ್ಸುಗಳೂ ಓಡುವುದಿಲ್ಲ, ಅದು ಇದರ ಒಳ್ಳೆಯ ಮಗ್ಗುಲು. ಏನಾದರೂ ಬೇಕೆಂದರೆ ಸಿಕ್ಕ ಸಿಕ್ಕ ತಾಣದಿಂದ ಇಳಿಸದೆ, ಮೊದಲು ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಹುಡುಕಿ. ವಿಡಿಯೊಗೆ ವಿಎಲ್‌ಸಿ, ಚಿತ್ರ ತಿದ್ದಲು ಗಿಂಪ್, ಗಣಿತದ ಮೇಷ್ಟ್ರಿಗೆ ಜಿಯೋಜೀಬ್ರ, ಮಕ್ಕಳಿಗೆ ಜಿಕಾಂಪ್ರಿ ಎಲ್ಲ ಅಲ್ಲೇ ಸಿಗುತ್ತವೆ.

ಕಪ್ಪು ಪರದೆಯ ಟರ್ಮಿನಲ್ ಕಂಡರೆ ಹೆದರುವವರಿದ್ದಾರೆ. ದಿನದ ಕೆಲಸಕ್ಕೆ ಅದು ಬೇಕಾಗುವುದೇ ಇಲ್ಲ. ತೊಂದರೆ ಬಂದು ಯಾರಾದರೂ ಒಂದು ಸಾಲು ಕೊಟ್ಟು ಟರ್ಮಿನಲ್‌ಗೆ ಹಾಕಿ ಎಂದರೆ, ಆ ಸಾಲು ಏನು ಮಾಡುತ್ತದೆಂದು ಕೇಳಿ ತಿಳಿದುಕೊಂಡ ಮೇಲೆಯೇ ಹಾಕಿ. ‘ಸುಡೊ’ ಎಂದು ಶುರುವಾಗುವ ಸಾಲಿಗೆ ಇಡೀ ಯಂತ್ರದ ಮೇಲೆ ಅಧಿಕಾರವಿದೆ.

ಪರದೆಯ ಭಾಷೆಯನ್ನೂ ಕನ್ನಡಕ್ಕೆ ಬದಲಿಸಬಹುದು, ಆದರೆ ಅನುವಾದ ಪೂರ್ತಿಯಾಗಿಲ್ಲ. ಒಂದು ಸಾಲು ಕನ್ನಡ, ಇನ್ನೊಂದು ಇಂಗ್ಲಿಷ್ ಎಂಬಂತೆ ಕಾಣುತ್ತದೆ. ಇದನ್ನು ಕನ್ನಡಿಸಿದವರಲ್ಲಿ ಬಿಡುವಿನಲ್ಲಿ ಕೂತು ಮಾಡಿದ ಸ್ವಯಂಸೇವಕರೂ ಇದ್ದಾರೆ. ಲಿಬ್ರೆಆಫೀಸಿಗಾಗಲಿ, ಗ್ನೋಮ್ ಎಂಬ ಲಿನಕ್ಸ್ ಪರದೆಗಾಗಲಿ ಕನ್ನಡ ಬಲ್ಲ ಯಾರು ಬೇಕಾದರೂ ಅನುವಾದ ಸೇರಿಸಬಹುದು, ತಪ್ಪಿದ್ದಲ್ಲಿ ತಿದ್ದಬಹುದು. ಅದಕ್ಕೆ ಪ್ರೋಗ್ರಾಮಿಂಗ್ ಬರಬೇಕಿಲ್ಲ, ಇಂಗ್ಲಿಷ್ ಓದಿ ಒಳ್ಳೆಯ ಕನ್ನಡ ಬರೆಯಲು ಬಂದರೆ ಸಾಕು. ಇದೇ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರುಗಳ ಪದವಿ ಕಾಲೇಜುಗಳಲ್ಲಿ ಕನ್ನಡ ಐಚ್ಛಿಕ ಓದುವ ಮಕ್ಕಳಿದ್ದಾರೆ. ಆ ಮಕ್ಕಳೂ ಅವರ ಗುರುಗಳೂ ಈ ಕೆಲಸಕ್ಕೆ ಕೈಹಾಕಬೇಕು.